ಹೌದೆಂದ ಮೇಲೆ

ತಾನು ಹೌದೆಂದದ್ದು ಯಾವುದಕ್ಕೆ ಎಂಬುದು ಮಾತ್ರ ಗೆಂಗ್ ಶೂವೆನ್‌ಗೆ ಹೊಳೆಯಲಿಲ್ಲ. ಹೌದೆಂದದ್ದಂತೂ ನಿಜ. ಬೆಳಗಿನ ಸೆಮಿನಾರು ಮುಗಿದು ಎಲ್ಲರೂ ಪುಸ್ತಕ ಮಡಿಚುತ್ತಿದ್ದಾಗ ತೊಗಾಶಿ ಮೇಷ್ಟ್ರು ಕನ್ನಡಕ ತೆಗೆದು, ಅವಳ ಕಡೆಗೇ ತಿರುಗಿ ಏನೋ ಕೇಳಿದ್ದರು. ಆ ಹೊತ್ತಿಗೆ ಅವಳು ಕಿಟಕಿಯಾಚೆ ಒಂದು ಕಾಗೆ ಯಾರೋ ಬಿಟ್ಟುಹೋದ ಬ್ರೆಡ್ಡಿನ ಪೊಟ್ಟಣವನ್ನು ಕಾಲಲ್ಲಿ ಒತ್ತಿಹಿಡಿದು, ಅಂಟಿಸಿದ ಜಾಗವನ್ನೇ ಹುಡುಕಿ ಬಿಡಿಸುತ್ತಿದ್ದ ನಾಜೂಕನ್ನು ನೋಡುತ್ತಿದ್ದಳು. ಪ್ರಶ್ನೆ ಮುಗಿದದ್ದು ಅವಳಿಗೆ ತಿಳಿದದ್ದು ಕೋಣೆಯ ಮೌನದಿಂದ. ಎರಡು ವರ್ಷದಿಂದ ಇಂಥ ಹೊತ್ತಿನಲ್ಲಿ ಮಾಡುತ್ತ ಬಂದದ್ದನ್ನೇ ಮಾಡಿದಳು: ಒಂದು ಉಸಿರಿನಷ್ಟು ತಡೆದು, ಕತ್ತನ್ನು ಕೊಂಚ ಓರೆ ಮಾಡಿ, ಬಹಳ ಯೋಚಿಸಿದವಳಂತೆ ಹುಬ್ಬೇರಿಸಿ, "ಹೌದು, ಹಾಗೇ ಅಲ್ಲವೇ" ಎಂದಳು. ಯಾರದೋ ಪೆನ್ನು ಬಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಅವಳನ್ನು ಮೊದಲ ಸಲ ಕಂಡವರಂತೆ ನೋಡಿ, "ಹಾಗಾ" ಎಂದು, ಕೊಡೆಯನ್ನು ಅಲ್ಲೇ ಮರೆತು ಹೊರಟುಹೋದರು.

ಹಾಗಾ ಎಂದರೆ ಏನು? ಜಪಾನಿ ಭಾಷೆಯಲ್ಲಿ ಅವಳು ಅತಿ ಹೆಚ್ಚು ಹೆದರುತ್ತಿದ್ದ ಮಾತು ಅದು. ಮನೆ ಸುಟ್ಟುಹೋಯಿತು ಎಂದರೂ ಹಾಗಾ, ಮಗು ಹುಟ್ಟಿತು ಎಂದರೂ ಹಾಗಾ. ಈಗ ಕ್ಯಾಂಟೀನಿನ ಕೊನೆಯ ಮೇಜಿನಲ್ಲಿ ಕೂತು, ತಟ್ಟೆಯ ಅನ್ನ ಸಾರಿಗೆ ತನ್ನ ಚೀಲದಲ್ಲಿದ್ದ ಊರಿನ ವಿನೆಗರನ್ನು ಸುರಿದುಕೊಳ್ಳುತ್ತ (ಶಾನ್‌ಷಿ ಪ್ರಾಂತ್ಯದವರು ಸ್ವರ್ಗಕ್ಕೂ ಸೀಸೆ ಹಿಡಿದುಕೊಂಡೇ ಹೋಗುತ್ತಾರೆಂದು ಉಳಿದ ಚೀನೀಯರು ನಗುತ್ತಾರೆ) ಆ ಹಾಗಾವನ್ನು ನಾಲಿಗೆಯ ಮೇಲೆ ಉರುಳಿಸಿ ನೋಡಿದಳು. ಸಿಟ್ಟಿನದೆ? ಸಂತೋಷದ್ದೆ? ಸೆಮಿನಾರಿನಿಂದ ಹೊರಬರುವಾಗ ಕೊನ್ನೊ ಮಾಡಿದ್ದು ಇನ್ನೂ ವಿಚಿತ್ರವಾಗಿತ್ತು. ಕೊನ್ನೊ ಎಂದರೆ ಡಾಕ್ಟರೇಟಿಗೆಂದು ಬಂದು ಕೋಣೆಯ ಬೀರುವಿನ ಹಾಗೆ ಅಲ್ಲೇ ಉಳಿದುಹೋದ ಹಿರಿಯಳು. ಕಿರಿಯರಿಗೆ ನಗು ಕೊಡುವುದರಲ್ಲೂ ಲೆಕ್ಕಾಚಾರದವಳು. ಅಂಥವಳು ಯಂತ್ರದಿಂದ ಬಿಸಿ ಚಹಾದ ಡಬ್ಬಿ ತೆಗೆದು ಶೂವೆನ್‌ಳ ಕೈಯಲ್ಲಿಟ್ಟು, "ಕೋ ಸಾನ್, ನಿಮ್ಮ ಧೈರ್ಯ ದೊಡ್ಡದು" ಎಂದು ತಗ್ಗಿದ ದನಿಯಲ್ಲಿ ಹೇಳಿ, ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟುಬರುವವರ ಹಾಗೆ ಹಿಂದಕ್ಕೆ ಹಿಂದಕ್ಕೆ ನಡೆದು ಹೋಗಿದ್ದಳು. ಗೆಂಗ್ ಎಂಬ ಮನೆತನದ ಹೆಸರು ಇಲ್ಲಿಗೆ ಬಂದು ಕೋ ಆಗಿತ್ತು, ಸಾನ್ ಎಂಬುದು ಮರ್ಯಾದೆಗೆ ಸೇರಿಸುವ ಬಾಲ. ಅಕ್ಷರ ಅದೇ, ಓದುವ ಬಾಯಿ ಬೇರೆ. ಮೊದಲ ತಿಂಗಳು ಯಾರಾದರೂ ಕೋ ಎಂದು ಕೂಗಿದರೆ ಅವಳೂ ಉಳಿದವರೊಂದಿಗೆ ತಿರುಗಿ ಆ ಕೋ ಯಾರೆಂದು ಹುಡುಕುತ್ತಿದ್ದಳು. ಈಗ ಕೋ ಎಂಬವಳು ಅವಳಿಗಿಂತ ಗಟ್ಟಿಗಿತ್ತಿಯಾಗಿ ಬೆಳೆದಿದ್ದಳು. ಅವಳು ತಲೆಯಾಡಿಸುತ್ತಾಳೆ, ಎಲ್ಲವನ್ನೂ ಬಲ್ಲಳು, ದೊಡ್ಡ ಧೈರ್ಯದವಳು.

"ಅಕ್ಕಾ, ಮುಖ ಯಾಕೆ ಹೀಗೆ? ವಿನೆಗರ್ ಹಳಸಿತಾ?" ಎಂದು ಪಾಂಗ್ ಯೀ ಎದುರಿಗೆ ಕೂತಳು. ಅವಳು ಸಿಚುವಾನಿನವಳು, ಸೇತುವೆ ಕಟ್ಟುವ ಶಾಸ್ತ್ರ ಓದುತ್ತಿದ್ದಳು, ಚೀಲದಿಂದ ತನ್ನ ಮೆಣಸಿನೆಣ್ಣೆಯ ಸೀಸೆ ತೆಗೆದಳು. ಎರಡು ಸೀಸೆಗಳೂ ಗಡಿಕಲ್ಲಿನ ಹಾಗೆ ಎದುರುಬದುರಾಗಿ ನಿಂತವು. ಶೂವೆನ್ ನಡೆದದ್ದನ್ನು ಹೇಳಿದಳು. ಪಾಂಗ್ ಯೀ ಚಮಚ ಕೆಳಗಿಟ್ಟಳು.

"ಅಂದ್ರೆ ಏನು ಕೇಳಿದ್ರು ಅಂತ ಗೊತ್ತಿಲ್ದೆ ಹೂಂ ಅಂದ್ಬಿಟ್ಯಾ?"

"ಯಾವತ್ತು ಗೊತ್ತಿತ್ತು ಹೇಳು. ಅವರ ಮಾತು ಮೂಗಲ್ಲಿ ಹುಟ್ಟಿ ಕಾಲರ್ ಒಳಗೆ ಸಾಯುತ್ತೆ. ಮೇಲೆ ಅವರ ಊರಿನ ಎಳೆತ ಬೇರೆ."

"ಅವರಿಗೆ ಮದುವೆಗೆ ಬಂದ ಮಗ ಇದಾನಾ?"

"ಇದಾನೆ. ಪರ್ಸಿಮನ್ ಹಣ್ಣಿನ ತೋಟ ನೋಡ್ಕೊತಾನಂತೆ. ಯಾಕೆ?"

"ಮುಗೀತು ಬಿಡು. ನಿನ್ನ ಸಂಬಂಧ ಕುದುರಿತು." ಪಾಂಗ್ ಯೀ ನಕ್ಕ ನಗೆಗೆ ಆಚೆ ಮೇಜಿನ ಹುಡುಗಿಯರು ತಿರುಗಿ ನೋಡಿ, ನೋಡಿದ್ದಕ್ಕೆ ಕ್ಷಮೆ ಕೇಳುವಂತೆ ತಲೆ ಬಾಗಿಸಿದರು. "ಅದಕ್ಕೇ ಆ ಹಿರಿಯಕ್ಕ ನಿನ್ನ ಧೈರ್ಯ ಹೊಗಳಿದ್ದು. ಅಕ್ಕಾ, ಅತ್ತೆಮನೆಗೆ ಹೋದ್ಮೇಲೆ ನಂಗೆ ಹಣ್ಣು ಕಳ್ಸೇ."

"ಥೂ, ಬಾಯ್ಮುಚ್ಚೇ."

"ನೇರ ಹೋಗಿ ಕೇಳು. ಮೇಷ್ಟ್ರೇ, ಬೆಳಿಗ್ಗೆ ಏನಂದ್ರಿ, ಕೇಳಿಸ್ಲಿಲ್ಲ ಅನ್ನು. ಬಾಯಿ ಸವೆಯುತ್ತಾ?"

ಬಾಯಿ ಸವೆಯುವುದಿಲ್ಲ. ಆದರೆ ಒಂದು ಸಲ ಕೇಳಿಸಲಿಲ್ಲ ಎಂದರೆ ಉಳಿದ ಹೌದುಗಳೆಲ್ಲ ಸಾಲಾಗಿ ಎದ್ದುನಿಂತು ನಮ್ಮದೇನು ಎಂದು ಕೇಳುತ್ತವೆ. ಅದು ಪಾಂಗ್ ಯೀಗೆ ತಿಳಿಯುವಂಥದ್ದಲ್ಲ. ಸೇತುವೆಯವರಿಗೆ ಬಿರುಕು ಕಾಣಿಸುತ್ತದೆ, ಅಳೆಯುತ್ತಾರೆ. ಶೂವೆನ್ ಓದುತ್ತಿದ್ದದ್ದು ಒಲೆದೇವರುಗಳನ್ನು. ಅವಳ ಊರಿನ ಒಲೆದೇವರು, ಈ ಬಡಗಣ ಜಪಾನಿನ ಒಲೆದೇವರು, ಇಬ್ಬರ ನಡುವಿನ ನೆಂಟಸ್ತಿಕೆ. ವರ್ಷದ ಕೊನೆಯಲ್ಲಿ ಆ ದೇವರು ಮನೆಯವರ ಗುಟ್ಟನ್ನೆಲ್ಲ ಹೊತ್ತು ಸ್ವರ್ಗಕ್ಕೆ ಹೊರಡುವಾಗ ಅವನ ಬಾಯಿಗೆ ಅಂಟು ಮಿಠಾಯಿ ಮೆತ್ತುತ್ತಾರೆ. ಅವಳ ಅಜ್ಜಿ ಕುರ್ಚಿ ಹತ್ತಿ, ಗೋಡೆಯ ಮೇಲಿನ ಚಿತ್ರದ ಬಾಯಿಗೆ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಮೆತ್ತುತ್ತಿದ್ದಳು. ವರ್ಷವಿಡೀ ಒಲೆಯ ಮುಂದೆ ಕೂತು ನೆರೆಹೊರೆಯವರನ್ನೂ ಮೂವರು ಸೊಸೆಯರನ್ನೂ ಬೈದದ್ದೆಲ್ಲ ಅವನಿಗೆ ಗೊತ್ತಿತ್ತಲ್ಲ. ಈ ವಿಷಯವನ್ನು ಕೇಳಿಯೇ ತೊಗಾಶಿ ಮೇಷ್ಟ್ರು ಅವಳನ್ನು ಸೇರಿಸಿಕೊಂಡದ್ದು. ಅಂದೂ ಏನೋ ದೀರ್ಘವಾಗಿ ಹೇಳಿದ್ದರು. ಪರೀಕ್ಷೆಗಳಲ್ಲೆಲ್ಲ ಮೇಲಿನ ದರ್ಜೆ ಪಡೆದು ಬಂದಿದ್ದ ಅವಳಿಗೆ ಆ ಭಾಷಣದಲ್ಲಿ ತಿಳಿದ ಒಂದೇ ಮಾತು 'ಆದರೆ'. ಆದರೆ ಏನು? ಕೇಳಬೇಕಿತ್ತು. ಅಂದು ಕೇಳಲಿಲ್ಲ. ಮರುವಾರ ಕೇಳುವುದು ಅಸಭ್ಯವಾಯಿತು, ಆರು ತಿಂಗಳ ಮೇಲೆ ಅಪರಾಧವಾಯಿತು.

ಇದರ ಮೇಲೆ ಇನ್ನೊಂದು ಪಾಪ. ಮೇಷ್ಟ್ರ ಮಾತು ಜಪಾನಿ ಹುಡುಗರಿಗೂ ತಿಳಿಯುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಮೊದಲ ಚಳಿಗಾಲದಲ್ಲಿ. ಇಗರಾಶಿ ಎಂಬ ಬಿ.ಎ. ಹುಡುಗಿ ಅಳುಮುಖ ಮಾಡಿಕೊಂಡು ಬಂದು, "ಕೋ ಸಾನ್, ನೀವು ಅಷ್ಟು ಚೆನ್ನಾಗಿ ತಲೆಯಾಡಿಸ್ತಿದ್ರಿ, ಮೇಷ್ಟ್ರು ನನ್ನ ಪ್ರಬಂಧದ ಬಗ್ಗೆ ಏನಂದ್ರು?" ಎಂದು ಕೇಳಿದ್ದಳು. ಪರದೇಶದಲ್ಲಿ ಯಾರಾದರೂ ನಮ್ಮನ್ನು ತಿಳಿದವರೆಂದು ನಂಬಿದಾಗ ಇಲ್ಲವೆನ್ನುವುದಕ್ಕೆ ಎಂಥ ಎದೆ ಬೇಕು! "ಎರಡನೇ ಅಧ್ಯಾಯ ಉದ್ದವಾಯ್ತಂತೆ" ಎಂದುಬಿಟ್ಟಿದ್ದಳು ಶೂವೆನ್. ಯಾರ ಎರಡನೇ ಅಧ್ಯಾಯ ತಾನೆ ಉದ್ದವಾಗಿರುವುದಿಲ್ಲ? ಇಗರಾಶಿ ಅದನ್ನು ಕತ್ತರಿಸಿದಳು, ಪ್ರಬಂಧ ಪಾಸಾಯಿತು. ಆಮೇಲೆ ಸೆಮಿನಾರು ಮುಗಿದೊಡನೆ ಹುಡುಗರು ಒಬ್ಬೊಬ್ಬರಾಗಿ ಇವಳ ಮೇಜಿಗೆ ಬರತೊಡಗಿದರು. ಚೀನಾದ ಹುಡುಗಿಯೊಬ್ಬಳು ಜಪಾನಿ ಮೇಷ್ಟ್ರ ಜಪಾನಿಯನ್ನು ಜಪಾನಿಗಳಿಗೆ ಜಪಾನಿಯಲ್ಲೇ ಹೇಳಿಕೊಡುತ್ತಿದ್ದಳು, ಎಲ್ಲವನ್ನೂ ಸ್ವಂತ ತಲೆಯಿಂದ. ಅದರಲ್ಲೊಂದು ಸುಖವಿತ್ತು ಎಂಬುದನ್ನು ಅವಳು ತನ್ನೊಳಗೂ ಒಪ್ಪಿಕೊಂಡಿರಲಿಲ್ಲ.

ಅದೇ ಇಗರಾಶಿ, ಈಗ ಎಂ.ಎ.ಗೆ ಸೇರಿದವಳು, ಮೇಜಿನ ಪಕ್ಕ ಬಂದು ನಿಂತಿದ್ದಳು. ಪಾಂಗ್ ಯೀ ತನ್ನ ಸೀಸೆ ಎತ್ತಿಕೊಂಡು, ಕಣ್ಣಲ್ಲೇ ಸಂಬಂಧ ಕುದುರಿತೆಂದು ಚುಡಾಯಿಸಿ, ತರಗತಿಗೆ ಹೊರಟುಹೋದಳು.

"ಕೋ ಸಾನ್, ಇಂಥಾ ದಿನ ಕೇಳಬಾರದು, ಆದರೂ... ಇವತ್ತು ಮೇಷ್ಟ್ರು ನನ್ನ ವರದಿ ಬಗ್ಗೆ ಏನಂದ್ರು?"

ಇಂಥಾ ದಿನ ಎಂದರೆ ಎಂಥಾ ದಿನ? ಶೂವೆನ್‌ಳ ಬಾಯಿಯಲ್ಲಿ ಒಂದು ಅಭಿಪ್ರಾಯ ಆಗಲೇ ತಯಾರಾಗಿತ್ತು, ಆಧಾರಗಳು ಸಾಲವಂತೆ ಎಂಬುದು. ಅದನ್ನು ನುಂಗಿಕೊಂಡಳು. "ನನಗೆ ಅರ್ಥವಾಗಲಿಲ್ಲ, ಇಗರಾಶಿ ಸಾನ್. ನಿಜವಾಗ್ಲೂ."

ಇಗರಾಶಿಯ ಮುಖ ಬಿಳುಚಿತು. "ಅಷ್ಟು ಕೆಟ್ಟದಾಗಿ ಹೇಳಿದ್ರಾ?"

"ಅಯ್ಯೋ ಅಲ್ಲ, ಏನು ಹೇಳಿದ್ರು ಅಂತಲೇ ಗೊತ್ತಾಗಿಲ್ಲ."

"ನನಗೆ ನೋವಾಗಬಾರದು ಅಂತ ಹೀಗೆ ಹೇಳ್ತೀರಿ. ನೀವು ತುಂಬ ಒಳ್ಳೆಯವರು." ಹುಡುಗಿ ನಡು ಮುರಿಯುವಷ್ಟು ಬಾಗಿ, "ಎಲ್ಲಾ ತಿದ್ದಿ ಬರೀತೀನಿ. ನೀವೂ ಧೈರ್ಯವಾಗಿರಿ" ಎಂದು ಕಣ್ಣೊರೆಸಿಕೊಳ್ಳುತ್ತ ಹೋದಳು. ಎರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದರೆ ಇದು ಫಲ. ಶೂವೆನ್ ತಣ್ಣಗಾದ ಸಾರನ್ನು ದಿಟ್ಟಿಸುತ್ತ ಕೂತಳು. ಸುಳ್ಳು ಹೇಳಿದಾಗ ಜನ ಪಾಸಾಗುತ್ತಿದ್ದರು.

ಹೋಗಿ ಕೇಳಿಬಿಡುವುದೆಂದು ತೀರ್ಮಾನಿಸಿದ್ದು ಧೈರ್ಯದಿಂದಲ್ಲ. ಮರೆತ ಕೊಡೆ ಸೆಮಿನಾರು ಕೋಣೆಯಲ್ಲೇ ಇತ್ತು, ಅದೊಂದು ನೆಪವಾಯಿತು. ಗಿಂಕೊ ಮರಗಳು ಹಳದಿ ಎಲೆಯನ್ನೂ ನಾರುವ ಹಣ್ಣನ್ನೂ ದಾರಿಯ ತುಂಬ ಚೆಲ್ಲಿದ್ದವು. ಹಣ್ಣನ್ನು ತುಳಿಯದ ಹಾಗೆ ಕುಪ್ಪಳಿಸುತ್ತ ನಡೆಯುವ ದೊಡ್ಡ ದೊಡ್ಡ ವಿದ್ವಾಂಸರ ನಡುವೆ ತಾನೂ ಕುಪ್ಪಳಿಸುತ್ತ ಹೋದಳು. ಡಾಕ್ಟರೇಟಿಗೆ ಮೇಷ್ಟ್ರ ಒಪ್ಪಿಗೆ ಬೇಕು. ಚಳಿಗಾಲದೊಳಗೆ ಎಂ.ಎ. ಪ್ರಬಂಧ ಕೊಡಬೇಕು. ಅಮ್ಮ ಊರಾದ ಲಿನ್‌ಫೆನ್‌ನಲ್ಲಿ ಕೂತು ಆಗಲೇ ಎಲ್ಲ ಚಿಕ್ಕಮ್ಮಂದಿರಿಗೂ ಮಗಳು ಡಾಕ್ಟರ್ ಎಂದು ಹೇಳಿಯಾಗಿತ್ತು. ಅವರಲ್ಲೊಬ್ಬಳು ಮಂಡಿನೋವಿಗೆ ಏನು ಮಾಡಬೇಕೆಂದು ಫೋನಿನಲ್ಲಿ ಕೇಳಿಯೂ ಇದ್ದಳು. ಒಲೆದೇವರ ಡಾಕ್ಟರು ಎಂದು ಬಿಡಿಸಿ ಹೇಳುವುದಕ್ಕೆ ಹೋಗದೆ ಶೂವೆನ್ ಬಿಸಿನೀರಿನ ಶಾಖ ಕೊಡಿ ಎಂದಿದ್ದಳು. ಅಲ್ಲೂ ಅದೇ ಕಸುಬು. ಎಲ್ಲಿ ಹೋದರೂ ಅದೇ. ಮೇಷ್ಟ್ರು ಬೆಳಿಗ್ಗೆ, ನೀನು ಊರಿಗೆ ಹಿಂದಿರುಗುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದರೆ? ಹೌದು, ಹಾಗೇ ಅಲ್ಲವೇ. ನಿನ್ನ ಪ್ರಬಂಧ ಕಸ ಅಲ್ಲವೇ? ಹೌದು, ಹಾಗೇ ಅಲ್ಲವೇ. ನನ್ನ ಮಗನನ್ನು... ಆ ತೋಟದ ಮಗನ ಮುಖ ಹೇಗಿರಬಹುದೆಂದು ಒಂದು ಗಳಿಗೆ ಊಹಿಸಿಕೊಂಡು, ಊಹಿಸಿದ್ದಕ್ಕೆ ನಾಚಿ, ಗಿಂಕೊ ಹಣ್ಣೊಂದನ್ನು ಸರಿಯಾಗಿ ತುಳಿದಳು.

ಮೇಷ್ಟ್ರು ಕೋಣೆಯಲ್ಲೇ ಇದ್ದರು. ಪುಸ್ತಕಗಳ ನಡುವೆ ಬಿಟ್ಟ ಒಂದು ತಾವಿನಲ್ಲಿ ಹಳೆಯ ಪತ್ರಿಕೆ ಹಾಸಿ ಪರ್ಸಿಮನ್ ಸುಲಿಯುತ್ತಿದ್ದರು. ಸಿಪ್ಪೆ ಎಲ್ಲೂ ಕಡಿಯದೆ ಉದ್ದಕ್ಕೆ ಇಳಿಬಿದ್ದಿತ್ತು. ಅವಳ ಕೈಯ ಕೊಡೆ ನೋಡಿ ಕುರ್ಚಿ ತೋರಿಸಿದರು. ಆಮೇಲೆ ನಡೆದದ್ದು ಅವಳನ್ನು ಬೆದರಿಸಿತು: ಅವರು ಬಾಯಿ ಬಿಟ್ಟರು, ಮತ್ತು ಅವಳಿಗೆ ಎಲ್ಲವೂ ಅರ್ಥವಾಯಿತು. ರೇಡಿಯೋದಲ್ಲಿ ಹವಾಮಾನ ಓದುವವರಂತೆ ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಮೇಜಿನ ಮೇಲಿಟ್ಟರು.

"ಕೋ ಸಾನ್. ಕೂತ್ಕೋ. ಬೆಳಿಗ್ಗೆ. ನಾನು. ಕೇಳ್ದೆ. ನನ್ನ ಮಾತು ಯಾರಿಗೂ ಅರ್ಥವಾಗಲ್ಲ, ಅಲ್ವಾ ಅಂತ. ಎಲ್ಲರೂ ಛೇ ಛೇ ಹಾಗೇನಿಲ್ಲ ಅಂತಾರೆ ಅಂದ್ಕೊಂಡಿದ್ದೆ. ನೀನು ಮಾತ್ರ ಹೌದು ಅಂದೆ."

ಶೂವೆನ್‌ಗೆ ಕುರ್ಚಿ ಇನ್ನೂ ಕೆಳಗಿಳಿದ ಹಾಗಾಯಿತು. ಆ ಒಂದೇ ಒಂದು ವಾಕ್ಯವನ್ನು ಅವರು ಸ್ಪಷ್ಟವಾಗಿ ಹೇಳಿದ್ದರು. ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಕಾಗೆ ನೋಡುತ್ತಿದ್ದ ಅವಳೊಬ್ಬಳನ್ನು ಬಿಟ್ಟು.

"ಊಟಕ್ಕೆ ಮನೆಗೆ ಹೋಗಿ ಹೆಂಡತಿಗೆ ಹೇಳ್ದೆ," ಎಂದರು ಮೇಷ್ಟ್ರು. "ಅವಳು ನಕ್ಕೂ ನಕ್ಕೂ ಚಹಾ ಚೆಲ್ಲಿದ್ಲು. ಅವಳಿಗೂ ಅರ್ಥವಾಗಲ್ವಂತೆ, ಮದುವೆಯಾದಾಗಿನಿಂದ. ಸುಮ್ಮನೆ ಹೂಂ ಅನ್ನೋದಂತೆ. ಮೀನು ಬೇಡ ಅಂದ ದಿನವೇ ಮೀನು ಮಾಡ್ತಿದ್ಲು. ಹಟದ ಹೆಂಗಸು ಅಂದ್ಕೊಂಡೇ ಇಷ್ಟು ವರ್ಷ ಸಂಸಾರ ಮಾಡ್ದೆ ನಾನು." ಹಣ್ಣಿನ ಹೋಳೊಂದನ್ನು ಕಡ್ಡಿಗೆ ಚುಚ್ಚಿ ಅವಳ ಮುಂದಿಟ್ಟರು. "ನೀನೂ ಹಾಗೇ. ಮೂರನೇ ಅಧ್ಯಾಯ ತಪ್ಪು ಅಂತ ವಸಂತದಲ್ಲಿ ಹೇಳ್ದೆ. ನೀನು ಹೌದು ಅಂದೆ, ತಿದ್ದಲಿಲ್ಲ. ಬೇಸಿಗೇಲಿ ಹೇಳ್ದೆ. ಹೌದು ಅಂದು ಅದನ್ನೇ ಇನ್ನಷ್ಟು ಬೆಳೆಸಿ ತಂದೆ. ಎಷ್ಟು ಗಟ್ಟಿ ಹುಡುಗಿ ಅಂದ್ಕೊಂಡೆ. ಮೇಷ್ಟ್ರಿಗೆ ಮರ್ಯಾದೆ ಕೊಡ್ತಾಳೆ, ತನ್ನ ಮನಸ್ಸು ಬಿಟ್ಟುಕೊಡಲ್ಲ. ವಿಭಾಗದವರ ಹತ್ರಾನೂ ಹೇಳಿದೀನಿ, ಡಾಕ್ಟರೇಟಿಗೆ ಇಂಥವಳೇ ಬೇಕು ಅಂತ. ಇವತ್ತಂತೂ ಖಾತ್ರಿಯಾಯ್ತು. ಇಷ್ಟು ವರ್ಷದಲ್ಲಿ ನನಗೆ ನಿಜ ಹೇಳಿದವಳು ನೀನೊಬ್ಬಳೇ."

ಹೋಳನ್ನು ಬಾಯಿಗಿಟ್ಟುಕೊಂಡು ಸುಮ್ಮನಿದ್ದರೆ ಸಾಕಿತ್ತು. ಡಾಕ್ಟರೇಟು ಕಡ್ಡಿಯ ತುದಿಯಲ್ಲಿತ್ತು. ಅಮ್ಮ, ಚಿಕ್ಕಮ್ಮಂದಿರು, ಒಬ್ಬಳ ಮಂಡಿ, ಎಲ್ಲರೂ ಅಲ್ಲಿ ಸುತ್ತ ನಿಂತು ತಿನ್ನೇ ತಿನ್ನೇ ಎನ್ನುತ್ತಿದ್ದರು. ದಡ್ಡಿ ಎಂದಿದ್ದರೆ, ಸೋಮಾರಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಾರ್ಕು ಕದ್ದವಳೆಂದಿದ್ದರೂ ವಾದಿಸುತ್ತಿದ್ದಳು. ನಿಜ ಹೇಳಿದವಳು ಎಂದುಬಿಟ್ಟರಲ್ಲ, ಅದು ಮಾತ್ರ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಕರಕರ ಎಂದಿತು. ಮೇಷ್ಟ್ರ ಮುಖದಲ್ಲಿ ಹೊಸ ಅಂಗಿ ತೊಟ್ಟ ಮಗುವಿನ ಸಂತೋಷವಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಮೇಷ್ಟ್ರೇ, ನಾನು ಅಂಥವಳಲ್ಲ. ನನಗೆ ಏನೂ ಗೊತ್ತಾಗ್ತಿರಲಿಲ್ಲ."

"ವಿನಯ, ವಿನಯ" ಎಂದು ಅವರು ಕೈಯಾಡಿಸಿದರು.

"ವಿನಯ ಅಲ್ಲ. ನಿಮ್ಮ ಮಾತು ನನಗೆ ತಿಳಿಯುತ್ತಿರಲಿಲ್ಲ."

"ನಮಗೆ ಯಾರಿಗೆ ತಾನೆ ಎಲ್ಲಾ ತಿಳಿಯುತ್ತೆ? ಕಲಿಕೆ ಅಂದ್ರೇನೇ ಅದು." ಈ ನಾಡಿನಲ್ಲಿ ತನ್ನನ್ನು ತಾನು ಬೈದುಕೊಳ್ಳುವುದು ಸಭ್ಯತೆಯ ಅಂಗವಾದ್ದರಿಂದ ನಿಜವಾಗಿ ಬೈದುಕೊಳ್ಳುವುದಕ್ಕೆ ಮಾತೇ ಉಳಿದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ನಾನು ಮೂರ್ಖಳು ಎಂದರೆ ಅವರು ಸೌಜನ್ಯ ಎನ್ನುತ್ತಾರೆ. ನಾನು ಮೋಸಗಾರ್ತಿ ಎಂದರೆ ಇನ್ನೂ ಒಂದು ಹೋಳು ಕೊಡುತ್ತಾರೆ. ಅವಳು ಅಳುವಿಗೂ ನಗುವಿಗೂ ನಡುವೆ ಸಿಕ್ಕಿ, ಹಣ್ಣಿನ ಕೆಳಗಿದ್ದ ಪತ್ರಿಕೆಯ ಅಂಚನ್ನು ತನ್ನ ಕಡೆಗೆ ಎಳೆದುಕೊಂಡಳು. ಮೇಷ್ಟ್ರಿಗೆ ಚೀನೀ ಆಡಲು ಬಾರದು, ಆದರೆ ಹಳೆಯ ಚೀನೀ ಬರಹವನ್ನು ನೀರು ಕುಡಿದಂತೆ ಓದುತ್ತಿದ್ದರು. ಪೆನ್ನು ತೆಗೆದು ಅಂಚಿನ ಬಿಳಿಯಲ್ಲಿ ದೊಡ್ಡದಾಗಿ ಎರಡು ಚೀನೀ ಅಕ್ಷರ ಬರೆದಳು: ಅರ್ಥವಾಗದು.

ಮೇಷ್ಟ್ರು ಬಗ್ಗಿ ಓದಿದರು. "ಹೂಂ. ನನ್ನ ಮಾತು. ಅದೇ ತಾನೆ ಹೇಳ್ತಿರೋದು ನಾವು."

ಅವಳು ಅದರ ಹಿಂದೆ ಇನ್ನೊಂದಕ್ಷರ ಸೇರಿಸಿದಳು: ನನಗೆ. ಅವರು ಕನ್ನಡಕ ಸರಿಪಡಿಸಿಕೊಂಡರು. ಅವಳ ಪೆನ್ನು ತಡೆಯಿತು, ಮತ್ತೆ ಇಳಿಯಿತು. ಎರಡರ ನಡುವಿನ ಇಕ್ಕಟ್ಟಿನಲ್ಲಿ, ಪರ್ಸಿಮನ್ ರಸ ಇಂಗಿದ ಜಾಗದಲ್ಲಿ, ಪುಟ್ಟದಾಗಿ ಬರೆದಳು: ಕೂಡ.

ನನಗೆ ಕೂಡ ಅರ್ಥವಾಗದು. ಮೇಷ್ಟ್ರು ಅದನ್ನು ಹಳೆಯ ಗ್ರಂಥದ ತುಂಡೊಂದನ್ನು ಪರೀಕ್ಷಿಸುವವರಂತೆ ಓದಿದರು. ಅವರ ತುಟಿ ಆಡಿತು. ವಸಂತದ ಹೌದು, ಬೇಸಿಗೆಯ ಹೌದು, ಇವತ್ತು ಬೆಳಗಿನ ಹೌದು ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಗುವುದನ್ನು ಅವಳು ಕಂಡಳು.

"ಬೆಳಿಗ್ಗೆದೂನಾ?"

"ಬೆಳಿಗ್ಗೆ ಒಂದು ಕಾಗೆ ನೋಡ್ತಿದ್ದೆ."

ಮೇಷ್ಟ್ರು ಎದ್ದು ಕಿಟಕಿಯವರೆಗೆ ಹೋಗಿ ಅವಳಿಗೆ ಬೆನ್ನು ತಿರುಗಿಸಿ ನಿಂತರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ತಿಳಿದು ಶೂವೆನ್ ಗಾಬರಿಯಿಂದ ಎದ್ದಳು. ಅವರು ತಿರುಗಿದಾಗ ನೋಡಿದರೆ ನಗುತ್ತಿದ್ದರು, ಸದ್ದೇ ಇಲ್ಲದೆ. ನಗುವೂ ಮೂಗಿನಲ್ಲೇ ಹುಟ್ಟಿ ಕಾಲರಿನೊಳಗೆ ಹೋಗುತ್ತಿತ್ತು. ನಗು ಮುಗಿದ ಮೇಲೆ ಸಿಟ್ಟು ಬಂತು. ಅದೂ ಬಂದದ್ದು ಒಳ್ಳೆಯದೇ ಆಯಿತು. ಸಿಟ್ಟಿನಲ್ಲಿ ಅವರ ಉಚ್ಚಾರ ಇನ್ನೂ ಚೊಕ್ಕವಾಗುತ್ತಿತ್ತು.

"ಈ ವರ್ಷ ಪ್ರಬಂಧ ಕೊಡೋ ಹಾಗಿಲ್ಲ. ಡಾಕ್ಟರೇಟಿನ ಮಾತು ಆಮೇಲೆ. ಇನ್ನೊಂದು ವರ್ಷ ಕೂರ್ಬೇಕು ನೀನು."

"ಸರಿ" ಎಂದಳು. ಅರ್ಥವಾಗಿಯೇ ಅಂದಳು. ಒಂದು ವರ್ಷ ಎಂದರೆ ಮತ್ತೆ ಸಂಜೆ ಸಂಜೆ ಬೆಂತೊ ಎಂಬ ಊಟದ ಡಬ್ಬಿಗಳ ಅಂಗಡಿಯಲ್ಲಿ ಅನ್ನ ತುಂಬುವ ಕೆಲಸ, ಮತ್ತೆ ಅಮ್ಮನಿಗೆ ಹೇಳಬೇಕಾದ ಮಾತು.

ಮೇಷ್ಟ್ರು ಸಿಪ್ಪೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಅವಳ ಪ್ರಬಂಧದ ಕಟ್ಟನ್ನು ಎಳೆದುಹಾಕಿ ಮೊದಲ ಪುಟ ತೆರೆದರು. "ಮೊದಲಿಂದ. ಶೀರ್ಷಿಕೆಯೇ ತಪ್ಪು. ಬಾಯಿ ಮುಚ್ಚಿದ ದೇವರು ಅಂತ ಇಟ್ಟಿದೀಯ."

ಅವಳ ಕತ್ತು ಆಗಲೇ ಓರೆಯಾಗಿತ್ತು, ಹುಬ್ಬು ಏರಿತ್ತು. ಹೌದು ಎಂಬುದು ಹಲ್ಲಿನವರೆಗೂ ಬಂದು ನಿಂತಿತು. ಅದನ್ನು ಹಿಂದಕ್ಕೆ ತಳ್ಳಿ, "ಯಾಕೆ?" ಎಂದಳು.

ಮೇಷ್ಟ್ರು ತಲೆಯೆತ್ತಿದರು. ಮೇಜೇ ಮಾತಾಡಿದ್ದರೂ ಅವರು ಹಾಗೆ ನೋಡುತ್ತಿರಲಿಲ್ಲ. "ಯಾಕೆ ಅಂದ್ರೆ? ಮಿಠಾಯಿ ಮೆತ್ತೋದು ಬಾಯಿ ಮುಚ್ಚಿಸೋಕಲ್ಲ. ಸಿಹಿಯಾಗಿ ಮಾತಾಡ್ಲಿ ಅಂತ. ಆಧಾರ ಬೇಕಾದಷ್ಟಿದೆ."

"ನಮ್ಮಜ್ಜಿ ಮುಚ್ಚೋಕೇ ಮೆತ್ತುತ್ತಿದ್ದದ್ದು. ಹಲ್ಲು ಹಲ್ಲು ಅಂಟ್ಕೊಳ್ಲಿ ಅಂತಿದ್ಲು. ನಾನೇ ಕುರ್ಚಿ ಹಿಡ್ಕೊಂಡಿರ್ತಿದ್ದೆ."

"ಒಬ್ಬ ಅಜ್ಜಿ ಆಧಾರ ಆಗ್ತಾಳಾ?"

"ನೀವು ಕೇಳಿದವರೆಲ್ಲ ಹೊರಗಿನವರ ಮುಂದೆ ಸಿಹಿ ಅಂತಾರೆ. ಒಲೆ ಮುಂದೆ ಏನಂತಾರೆ ಅಂತ ಯಾರು ಬರ್ಕೊಂಡಿದಾರೆ?"

"ಅದೂ..." ಎಂದು ಶುರುಮಾಡಿದ ಮೇಷ್ಟ್ರು ಎದ್ದು ಕಪಾಟಿನಿಂದ ಪುಸ್ತಕ ಎಳೆಯುತ್ತ, ಪುಟ ತಿರುವುತ್ತ, ಉತ್ಸಾಹ ಏರಿದ ಹಾಗೆಲ್ಲ ಮತ್ತೆ ಕಾಲರಿನೊಳಕ್ಕೆ ಇಳಿದುಹೋದರು. ಶೂವೆನ್ ಸಂಚಾರಿ ಪೋಲೀಸಿನವರ ಹಾಗೆ ಕೈ ಎತ್ತಿದಳು. "ನಿಲ್ಲಿ ಮೇಷ್ಟ್ರೇ. ಏನಂದ್ರಿ? ಯಾವ ಊರು?" ಅವರು ಹೇಳಿದರು. "ಇನ್ನೊಂದ್ಸಲ." ಹೇಳಿದರು. "ತಿಳೀಲಿಲ್ಲ." ಕೊನೆಗೆ ಅವರು ಪುಸ್ತಕವನ್ನು ಮೇಜಿಗೆ ಕುಕ್ಕಿ ಕೂಗಿಯೇ ಹೇಳಿದರು, ಅದಕ್ಕಿಂತ ಗಟ್ಟಿಯಾಗಿ ಅವಳು ಅದು ಒಲೆದೇವರಲ್ಲ, ಬಾವಿದೇವರು ಎಂದಳು, ಇಬ್ಬರೂ ಒಂದೇ ಪುಟವನ್ನು ಎರಡು ಕಡೆಯಿಂದ ಜಗ್ಗತೊಡಗಿದರು.

ಬಾಗಿಲು ಸದ್ದಿಲ್ಲದೆ ತೆರೆಯಿತು. ಕೊನ್ನೊ. ಕೂಗಾಟ ಕೇಳಿ ಪಡಸಾಲೆಯಲ್ಲಿ ಎಷ್ಟು ಹೊತ್ತು ನಿಂತಿದ್ದಳೋ. ನೆಪಕ್ಕೆ ಕೈಯಲ್ಲೊಂದು ಚಹಾದ ಪಾತ್ರೆ, ಮುಖದಲ್ಲಿ ಸಾವಿನ ಮನೆಗೆ ಬಂದವರ ಗಾಂಭೀರ್ಯ. "ತೊಂದರೆಯಾಯಿತೇನೋ" ಎಂದು ಬಾಗಿದಳು.

ಮೇಷ್ಟ್ರು ಪುಟ ಬಿಡದೆಯೇ ಅವಳ ಕಡೆ ತಿರುಗಿದರು. "ಕೊನ್ನೊ ಸಾನ್, ಒಳ್ಳೇ ಸಮಯಕ್ಕೆ ಬಂದೆ. ನೀನು ಇಲ್ಲಿ ಎಲ್ಲರಿಗಿಂತ ಹಿರಿಯಳು. ಇಷ್ಟು ವರ್ಷ ನಾನು ನಿನಗೆ ಹೇಳಿಕೊಟ್ಟದ್ದು ಅರ್ಥವಾಗಿದೆಯಾ?"

ಕೊನ್ನೊ ಒಂದು ಉಸಿರಿನಷ್ಟು ತಡೆದಳು. ಅವಳ ಕತ್ತು ಕೊಂಚ ಓರೆಯಾಯಿತು, ಹುಬ್ಬು ಮೇಲೇರಿತು. ಅದನ್ನು ಕಂಡ ಶೂವೆನ್‌ಗೆ ಕನ್ನಡಿಯೆದುರು ನಿಂತ ಹಾಗಾಯಿತು. ಹುಬ್ಬು ಅಲ್ಲೇ ನಿಂತಿತು. ಚಹಾ ಪಾತ್ರೆಯ ಮುಚ್ಚಳ ಕಿಣಿಕಿಣಿ ಎನ್ನತೊಡಗಿತು. ಶೂವೆನ್ ಪುಟದ ತನ್ನ ತುದಿಯನ್ನು ಬಿಡದೆ, ಪಕ್ಕದಲ್ಲಿದ್ದ ಕುರ್ಚಿಯನ್ನು ಕಾಲಿನಿಂದಲೇ ಕೊನ್ನೊಳ ಕಡೆಗೆ ತಳ್ಳಿದಳು.